ಜಲಕೀಟಗಳ ಮರಿಯ ಕುಡಿಮೀಸೆ: ಸಂವೇದನಾಂಗ ನೋಡಲು ಯಾವ ವಿಧಾನ ಯಾರಿಗೆ?

ಸೊಳ್ಳೆ, ಮೇಫ್ಲೈ, ಏರೋಪ್ಲೇನ್ ಚಿಟ್ಟೆ, ನೀರಿನ ಜೀರುಂಡೆ ಮುಂತಾದವುಗಳ ಮರಿಗಳ ಮೇಲೆ ಕೆಲಸ ಶುರು ಮಾಡುವ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮೊದಲ ತಿಂಗಳಲ್ಲೇ ಈ ಗೊಂದಲ ಬರುತ್ತದೆ. ಕುಡಿಮೀಸೆಯ (ಆಂಟೆನಾ) ಮೇಲಿನ ಸಂವೇದನಾಂಗಗಳನ್ನು ತೋರಿಸಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕೆ? ವಿಭಾಗದ ಮೂಲೆಯಲ್ಲಿರುವ ಸಾಮಾನ್ಯ ಸೂಕ್ಷ್ಮದರ್ಶಕ ಸಾಲದೆ? ಮೇಲ್ಮೈಯನ್ನು ತೋರಿಸುವ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ, ಅಂದರೆ ಎಸ್‌ಇಎಂ ಚಿತ್ರವಿಲ್ಲದಿದ್ದರೆ ಪ್ರಬಂಧಕ್ಕೆ ತೂಕವಿಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅದು ಅರ್ಧ ಮಾತ್ರ ನಿಜ. ಎಷ್ಟೋ ಪ್ರಶ್ನೆಗಳಿಗೆ ಒಳ್ಳೆಯ ಸ್ಲೈಡೇ ಎಸ್‌ಇಎಂಗಿಂತ ಹೆಚ್ಚು ಹೇಳುತ್ತದೆ. ಕೆಲವು ಪ್ರಶ್ನೆಗಳಿಗೆ ಮಾತ್ರ ಎಸ್‌ಇಎಂ ಬಿಟ್ಟರೆ ಗತಿಯಿಲ್ಲ. ಹಣ ಕಟ್ಟುವ ಮೊದಲು ಇವೆರಡನ್ನೂ ಬೇರ್ಪಡಿಸಿಕೊಳ್ಳಬೇಕು.

ತೀರ್ಮಾನಕ್ಕೆ ಬೇಕಾದ ಅಳತೆಗೋಲು

ಸಂವೇದನಾಂಗ ಅಥವಾ ಸೆನ್ಸಿಲ್ಲಾ ಎಂದರೆ ಹೊರಗೆ ಕಾಣುವ ಒಂದು ಕೂದಲು, ಗೂಟ ಇಲ್ಲವೆ ಗುಳಿ, ಮತ್ತು ಅದರ ಕೆಳಗಿನ ನರಕೋಶಗಳು. ಅದರ ಕೆಲಸವನ್ನು ಅಂದಾಜು ಮಾಡುವುದು ಮುಖ್ಯವಾಗಿ ಎರಡು ಲಕ್ಷಣಗಳಿಂದ: ಬುಡದಲ್ಲಿ ಅಲುಗಾಡುವ ಕುಣಿಕೆ (ಕೂದಲು ಕೂರುವ ಸಾಕೆಟ್) ಇದೆಯೆ, ಗೋಡೆಯಲ್ಲೋ ತುದಿಯಲ್ಲೋ ರಂಧ್ರ ಇದೆಯೆ. ಕುಣಿಕೆಯಿದ್ದು ರಂಧ್ರವಿಲ್ಲದ ಕೂದಲು ಸ್ಪರ್ಶಕ್ಕೆ ಮತ್ತು ನೀರಿನ ಹರಿವಿಗೆ. ತುದಿಯಲ್ಲಿ ಒಂದೇ ರಂಧ್ರವಿದ್ದರೆ ರುಚಿಗೆ. ಗೋಡೆಯ ತುಂಬ ಸಣ್ಣ ರಂಧ್ರಗಳಿದ್ದರೆ ವಾಸನೆಗೆ, ನೀರಿನೊಳಗೆ ಬದುಕುವ ಮರಿಯಲ್ಲಾದರೆ ಕರಗಿದ ರಾಸಾಯನಿಕಗಳಿಗೆ. ಕುಣಿಕೆಯೂ ಇಲ್ಲ, ರಂಧ್ರವೂ ಇಲ್ಲ, ಗುಳಿಯೊಳಗಿನ ಪುಟ್ಟ ಗೂಟ ಮಾತ್ರ ಎಂದಾದರೆ ಹೆಚ್ಚಾಗಿ ತಾಪಮಾನಕ್ಕೆ.

ಈಗ ಗಾತ್ರ ನೋಡಿ. ಕೂದಲುಗಳ ಉದ್ದ ಕೆಲವು ಮೈಕ್ರಾನಿನಿಂದ ನೂರಾರು ಮೈಕ್ರಾನ್. ಬುಡದ ಕುಣಿಕೆ ಒಂದೆರಡು ಮೈಕ್ರಾನಿಂದ ಮೇಲೆ. ಗೋಡೆಯ ರಂಧ್ರಗಳು ಮಾತ್ರ 10ರಿಂದ 50 ನ್ಯಾನೋಮೀಟರ್ ಆಸುಪಾಸು. ಬೆಳಕಿನ ಸೂಕ್ಷ್ಮದರ್ಶಕದಲ್ಲಿ 40 ಪಟ್ಟಿನ ಮಸೂರ ಸುಮಾರು ಅರ್ಧ ಮೈಕ್ರಾನ್ ಅಂತರವನ್ನು ಬಿಡಿಸಿ ತೋರಿಸುತ್ತದೆ. ಎಣ್ಣೆ ಹಾಕುವ 100 ಪಟ್ಟಿನ ಮಸೂರ ಹೆಚ್ಚೆಂದರೆ ಕಾಲು ಮೈಕ್ರಾನ್, ಅಂದರೆ 250 ನ್ಯಾನೋಮೀಟರ್. ಹಾಗಾಗಿ ಎಷ್ಟಿವೆ, ಎಲ್ಲಿವೆ, ಯಾವ ಆಕಾರ ಎಂಬ ಪ್ರಶ್ನೆಗಳಿಗೆ ಬೆಳಕು ಸಾಕು. ಗೋಡೆಯಲ್ಲಿ ರಂಧ್ರ ಇದೆಯೇ ಎಂಬುದಕ್ಕೆ ಸಾಲದು. ಒಳಗೆ ಎಷ್ಟು ನರಕೋಶ ಎಂಬುದಕ್ಕೆ ಎಸ್‌ಇಎಂ ಕೂಡ ಸಾಲದು.

ಪ್ರಶ್ನೆಯ ನಂತರ ತೂಗಬೇಕಾದ ಸಂಗತಿಗಳು: ನಿಮ್ಮ ಮರಿಯ ಕುಡಿಮೀಸೆ ಎಷ್ಟು ಗಟ್ಟಿ, ಎಷ್ಟು ಕೊಳೆ; ಕೈಯಲ್ಲಿ ಎಷ್ಟು ಮಾದರಿಗಳಿವೆ; ಮಾದರಿ ಆಮೇಲೂ ಉಳಿಯಬೇಕೆ; ಮತ್ತು ಎಷ್ಟು ಹಣ, ಎಷ್ಟು ತಿಂಗಳು.

ಮರಿಯ ಗುಂಪು ವಿಧಾನವನ್ನು ಬದಲಿಸುತ್ತದೆ

ಕೈರೊನೊಮಿಡ್ (ಸೊಳ್ಳೆಯನ್ನು ಹೋಲುವ, ಕಚ್ಚದ ಕೀಟ) ಮರಿಗಳು, ಕೆರೆ ಮತ್ತು ಚರಂಡಿಯ ಕೆಸರಿನಲ್ಲಿ ಸಿಗುವ ಕೆಂಪು ರಕ್ತಹುಳುಗಳೂ ಸೇರಿ, ಸ್ಲೈಡಿಗೆ ಹೇಳಿ ಮಾಡಿಸಿದಂಥವು. ಕುಡಿಮೀಸೆಯಲ್ಲಿ ಸಾಮಾನ್ಯವಾಗಿ 5 ಖಂಡಗಳು. ಮೊದಲ ಖಂಡದ ಮೇಲೆ ಉಂಗುರಾಕಾರದ ಅಂಗ, ಆ ಖಂಡದ ತುದಿಯಲ್ಲಿ ಅಲಗಿನಂಥ ಚಾಚು, ಎರಡನೆಯ ಖಂಡದ ತುದಿಯಲ್ಲಿ ಲಾಟರ್‌ಬೋರ್ನ್ ಅಂಗಗಳೆಂಬ ಜೋಡಿ ತೆಳುಗೋಡೆಯ ಸಂವೇದನಾಂಗಗಳು. ಟ್ಯಾನಿಟಾರ್ಸಿನಿ ಗುಂಪಿನಲ್ಲಿ ಈ ಅಂಗಗಳು ಉದ್ದನೆಯ ತೊಟ್ಟಿನ ಮೇಲೆ ಕೂತಿರುವುದುಂಟು, ಅದು ಗುರುತಿಸಲು ನೇರವಾಗಿ ಬಳಕೆಯಾಗುವ ಲಕ್ಷಣ. ಮೊದಲ ಖಂಡದ ಉದ್ದವನ್ನು ಉಳಿದ ಖಂಡಗಳ ಒಟ್ಟು ಉದ್ದದಿಂದ ಭಾಗಿಸಿ ಬರುವ ಕುಡಿಮೀಸೆ ಅನುಪಾತವೂ ಸ್ಲೈಡಿನ ಮೇಲಿನ ಅಳತೆಯೇ. ಇದಕ್ಕೆಲ್ಲ ಎಸ್‌ಇಎಂಗೆ ಹೋಗುವುದು ದುಂದು. ಟ್ಯಾನಿಪೋಡಿನೇ ಉಪಕುಟುಂಬದ ಮರಿಗಳು ಮಾತ್ರ ಕುಡಿಮೀಸೆಯನ್ನು ತಲೆಯೊಳಕ್ಕೆ ಎಳೆದುಕೊಳ್ಳುತ್ತವೆ. ಎಳೆದುಕೊಂಡ ಕುಡಿಮೀಸೆಯನ್ನು ಎಸ್‌ಇಎಂ ತೋರಿಸಲಾರದು, ಪಾರದರ್ಶಕ ಮಾಡಿದ ತಲೆಯ ಸ್ಲೈಡು ತೋರಿಸುತ್ತದೆ.

ಸೊಳ್ಳೆ ಮರಿಯ ಕುಡಿಮೀಸೆಯಲ್ಲಿ ಖಂಡಗಳಿಲ್ಲ, ಒಂದೇ ದಂಡ. ದಂಡದ ಮೇಲಿನ ರೋಮವನ್ನು 1-ಎ ಎಂದೂ ತುದಿಯ ಹತ್ತಿರದವನ್ನು 2-ಎಯಿಂದ 6-ಎ ಎಂದೂ ಗುರುತಿಸುತ್ತಾರೆ. ಈಡಿಸ್ ಈಜಿಪ್ಟೈಯಲ್ಲಿ 1-ಎ ಒಂಟಿ ಎಳೆ, ದಂಡ ನುಣುಪು. ಕ್ಯೂಲೆಕ್ಸ್‌ನಲ್ಲಿ ಅದು ಬೀಸಣಿಗೆಯಂತೆ ಕವಲೊಡೆದಿದ್ದು, ದಂಡದ ಮೇಲೆ ಸಣ್ಣ ಮುಳ್ಳುಗಳಿರುತ್ತವೆ. ಇಷ್ಟು 10 ಪಟ್ಟಿನ ಮಸೂರಕ್ಕೂ ಕಾಣುತ್ತದೆ. ತುದಿಯಲ್ಲಿರುವ ತೆಳುಗೋಡೆಯ ಶಂಕು ವಾಸನೆಯ ಅಂಗ. ಅದರ ಗೋಡೆಯನ್ನು ನೋಡಬೇಕಾದರೆ ಮಾತ್ರ ಮೇಲಿನ ಹಂತಕ್ಕೆ ಹೋಗಬೇಕು.

ಏರೋಪ್ಲೇನ್ ಚಿಟ್ಟೆಯ ಮರಿಗಳಲ್ಲಿ ಬಹುಪಾಲು 7 ಖಂಡಗಳು. ಹೊಳೆಯ ಮರಳಲ್ಲಿ ಹುದುಗಿ ಬದುಕುವ ಗಾಂಫಿಡೇ ಕುಟುಂಬದಲ್ಲಿ 4, ಅದರಲ್ಲೂ ಮೂರನೆಯದು ದಪ್ಪ, ನಾಲ್ಕನೆಯದು ಹೆಸರಿಗೆ ಮಾತ್ರ. ಇವುಗಳ ತುದಿಯ ಗುಳಿ ಅಂಗಗಳನ್ನೂ ಮೇಫ್ಲೈ ಮರಿಗಳ ಚಪ್ಪಟೆ ತುದಿಯ ಅಂಗಗಳನ್ನೂ ಇಟಲಿಯ ಪೆರುಜಾ ವಿಶ್ವವಿದ್ಯಾಲಯದ ಎಲ್ಡಾ ಗೈನೊ, ಮನುವೆಲಾ ರೆಬೊರಾ, ಸಿಲ್ವಾನಾ ಪಿಯರ್ಸಾಂತಿ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಆ ಕೆಲಸ ಎಸ್‌ಇಎಂ, ಒಳರಚನೆ ತೋರಿಸುವ ಟಿಇಎಂ (ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಎರಡನ್ನೂ ಜೊತೆಗಿಟ್ಟುಕೊಂಡೇ ನಡೆದದ್ದು. ಗುಳಿ ಅಂಗ ಸ್ಲೈಡಿನಲ್ಲಿ ಮಬ್ಬು ಚುಕ್ಕೆಯಾಗಿ ಮಾತ್ರ ಕಾಣುವುದರಿಂದ ಈ ಗುಂಪಿನಲ್ಲಿ ಎಸ್‌ಇಎಂ ಖರ್ಚಿಗೆ ನಿಜವಾದ ಕಾರಣವಿದೆ.

ಡೈಟಿಸಿಡೇ ಜೀರುಂಡೆ ಮರಿಗಳಲ್ಲಿ ಸಾಮಾನ್ಯವಾಗಿ 4 ಖಂಡ, ಹೈಡ್ರೊಫಿಲಿಡೇಯಲ್ಲಿ 3. ಡೈಟಿಸಿಡೇಯ ಮೂರನೆಯ ಖಂಡದಲ್ಲಿ ಪಕ್ಕಕ್ಕೆ ಒಂದು ಸಂವೇದನಾ ಚಾಚು ಇರುತ್ತದೆ. ರೋಮಗಳಿಗೂ ರಂಧ್ರಚುಕ್ಕೆಗಳಿಗೂ ಸಂಖ್ಯೆ ಕೊಟ್ಟು ಹೋಲಿಸುವ ಪದ್ಧತಿ ಈ ಗುಂಪಿನಲ್ಲಿ ಚೆನ್ನಾಗಿ ಬೆಳೆದಿದೆ. ಅದಕ್ಕೆ ಮೊದಲ ಹಂತದ ಮರಿಯೇ ಬೇಕು, ಏಕೆಂದರೆ ಮೊಟ್ಟೆಯಿಂದ ಬಂದಾಗಲೇ ಇರುವ ರೋಮಗಳ ಜೊತೆಗೆ ಆಮೇಲಿನ ಪೊರೆಗಳಲ್ಲಿ ಹೊಸವು ಸೇರಿಕೊಂಡು ಲೆಕ್ಕ ಕಲಸಿಹೋಗುತ್ತದೆ. ಕ್ಯಾಡಿಸ್‌ಫ್ಲೈ ಮರಿಗಳ ಕುಡಿಮೀಸೆ ಬಹಳ ಗಿಡ್ಡ. ಲೆಪ್ಟೊಸೆರಿಡೇ ಕುಟುಂಬ ಬಿಟ್ಟರೆ ಉಳಿದವುಗಳಲ್ಲಿ ಹುಡುಕುವುದೇ ಕಷ್ಟ. ಮೊದಲ ಪ್ರಾಜೆಕ್ಟಿಗೆ ಇವನ್ನು ಆರಿಸಿಕೊಳ್ಳಬೇಡಿ.

ಸ್ಲೈಡು: ಅಗ್ಗದ್ದು, ಆದರೆ ಮಾಧ್ಯಮ ತಪ್ಪಿದರೆ ಎಲ್ಲ ತಪ್ಪು

ಇದರ ದೊಡ್ಡ ಲಾಭ, ಕುಡಿಮೀಸೆಯ ಎರಡೂ ಮಗ್ಗುಲನ್ನು ಒಂದೇ ಮಾದರಿಯಲ್ಲಿ ನೋಡಬಹುದು. ಫೋಕಸ್ ತಿರುಗಿಸುತ್ತ ಹೋದರೆ ಮೇಲಿನ ಪದರ, ಒಳಗು, ಕೆಳಗಿನ ಪದರ ಸಾಲಾಗಿ ಬರುತ್ತವೆ. ಎಣಿಕೆಗೆ ಇದನ್ನು ಮೀರಿಸುವ ವಿಧಾನವಿಲ್ಲ. ಇಪ್ಪತ್ತು ಮೂವತ್ತು ಮರಿಗಳ ಎಣಿಕೆ ಬೇಕಿದ್ದರೆ ಕೈಗೆಟುಕುವುದೂ ಇದೊಂದೇ.

ಕೆಲಸದ ಕ್ರಮ ಹೀಗೆ. ಮಾದರಿಯನ್ನು 70ರಿಂದ 80 ಶೇಕಡಾ ಎಥನಾಲಿನಲ್ಲಿಡಿ. ಡಿಎನ್‌ಎಗೆಂದು 95ರಲ್ಲಿಟ್ಟ ಮರಿಗಳ ಕುಡಿಮೀಸೆ ಪೆಡಸಾಗಿ, ಮುಟ್ಟಿದರೆ ಮುರಿಯುತ್ತದೆ. ತಲೆಯನ್ನು ಬೇರ್ಪಡಿಸಿ 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ರಾತ್ರಿಯಿಡೀ ತಣ್ಣಗಿಡಿ, ಇಲ್ಲವೆ 80 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಹತ್ತು ಹದಿನೈದು ನಿಮಿಷ ಕಾಯಿಸಿ. ಸ್ನಾಯು ಕರಗಿ ತಲೆ ತಿಳಿಯಾದ ಕ್ಷಣವೇ ತೆಗೆಯಬೇಕು. ಹೆಚ್ಚು ಬೇಯಿಸಿದರೆ ತೆಳುಗೋಡೆಯ ಅಂಗಗಳು ಕುಗ್ಗಿ ಮಡಚಿಕೊಳ್ಳುತ್ತವೆ, ಲಾಟರ್‌ಬೋರ್ನ್ ಅಂಗ ಮೊದಲು ಹಾಳಾಗುವುದು. ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಬಾರಿ ಐದೈದು ನಿಮಿಷ, ಕ್ಷಾರ ಸಾಯಿಸಲು ಅಸಿಟಿಕ್ ಆಮ್ಲದಲ್ಲಿ ಐದು ನಿಮಿಷ, ನಂತರ 70, 95 ಶೇಕಡಾ ಎಥನಾಲ್. ಕ್ಷಾರ ಉಳಿದುಬಿಟ್ಟರೆ ಕೆಲವು ತಿಂಗಳಲ್ಲಿ ಸ್ಲೈಡಿನಲ್ಲಿ ಹರಳು ಕಾಣಿಸಿಕೊಳ್ಳುತ್ತದೆ.

ಮಾಧ್ಯಮದ, ಅಂದರೆ ಮಾದರಿಯನ್ನು ಸ್ಲೈಡಿನ ಮೇಲೆ ಕೂರಿಸುವ ದ್ರವದ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. ಕೀಟದ ಹೊರಪದರದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) ಸುಮಾರು 1.55. ಡಿಪಿಎಕ್ಸ್ ಮತ್ತು ಕೆನಡಾ ಬಾಲ್ಸಂ 1.52ರ ಆಚೀಚೆ. ಎರಡೂ ಹತ್ತಿರವಾದ್ದರಿಂದ ಬಣ್ಣವಿಲ್ಲದ ತೆಳು ಗೂಟಗಳು ಮಾಧ್ಯಮದಲ್ಲಿ ಮಾಯವಾಗುತ್ತವೆ. ಇದ್ದದ್ದು ಕಾಣದೆ, ಇಲ್ಲ ಎಂದು ಬರೆದುಬಿಡುವ ಅಪಾಯ ಇಲ್ಲಿದೆ. ಡಿಪಿಎಕ್ಸ್ ಎಲ್ಲ ಪ್ರಯೋಗಾಲಯದಲ್ಲೂ ಇರುತ್ತದೆ, ಅಗ್ಗ ಕೂಡ. ಆದರೂ ಈ ಕೆಲಸಕ್ಕೆ ಅದು ಬೇಡ. ಯೂಪರಾಲ್ ಮತ್ತು ಹಾಯರ್ ಮಾಧ್ಯಮ ಎರಡೂ ಸುಮಾರು 1.48, ಗ್ಲಿಸರಿನ್ 1.47. ಇವುಗಳಲ್ಲಿ ಅಂಚುಗಳು ಎದ್ದು ಕಾಣುತ್ತವೆ.

ಮೂರರಲ್ಲಿ ಯಾವುದು? ವರ್ಷಗಟ್ಟಲೆ ಉಳಿಯಬೇಕಾದ, ಹೊಸ ಪ್ರಭೇದದ ವಿವರಣೆಗೆ ಹೋಗುವ ಸ್ಲೈಡಿಗೆ ಯೂಪರಾಲ್. ಬೆಲೆ ಹೆಚ್ಚಾದರೂ 95 ಶೇಕಡಾ ಎಥನಾಲಿನಿಂದ ನೇರವಾಗಿ ಹೋಗುತ್ತದೆ, ಕ್ಸೈಲೀನ್ ಬೇಡ. ಹಾಯರ್‌ಗೆ 50 ಮಿ.ಲೀ. ಡಿಸ್ಟಿಲ್ಡ್ ವಾಟರ್, 30 ಗ್ರಾಂ ಅರೇಬಿಕ್ ಗೋಂದು, 200 ಗ್ರಾಂ ಕ್ಲೋರಲ್ ಹೈಡ್ರೇಟ್, 20 ಮಿ.ಲೀ. ಗ್ಲಿಸರಿನ್ ಬೇಕು. ನೀರಿನಿಂದಲೇ ನೇರವಾಗಿ ಮಾದರಿ ಇಡಬಹುದು, ತಾನೇ ಅಂಗಾಂಶವನ್ನೂ ತಿಳಿಗೊಳಿಸುತ್ತದೆ. ಆದರೆ ಕ್ಲೋರಲ್ ಹೈಡ್ರೇಟ್ ನಿದ್ರೆ ಬರಿಸುವ ಔಷಧ, ಖರೀದಿಗೆ ಸಂಸ್ಥೆಯ ಪತ್ರವ್ಯವಹಾರ ಬೇಕಾಗುತ್ತದೆ. ಅಂಚನ್ನು ಮುಚ್ಚದಿದ್ದರೆ ವರ್ಷಗಳಲ್ಲಿ ಒಣಗಿ ಹರಳುಗಟ್ಟುತ್ತದೆ. ಬರೀ ಎಣಿಕೆ, ಅಳತೆ, ಫೋಟೊ ಸಾಕೆಂದರೆ ಶುದ್ಧ ಗ್ಲಿಸರಿನ್ನಿನಲ್ಲಿಟ್ಟು ಕವರ್ ಸ್ಲಿಪ್ಪಿನ ಅಂಚಿಗೆ ಉಗುರುಬಣ್ಣ ಬಳಿದರೆ ವಾರಗಟ್ಟಲೆ ನಿಲ್ಲುತ್ತದೆ, ಮಾದರಿಯನ್ನು ಮತ್ತೆ ಹೊರತೆಗೆಯಲೂಬಹುದು. ಕಡಿಮೆ ಹಣದವರಿಗೆ ನಮ್ಮ ಮೊದಲ ಶಿಫಾರಸು ಇದೇ.

ಕುಡಿಮೀಸೆಯನ್ನು ಬುಡದಿಂದ ಕತ್ತರಿಸಿ ಬೇರೆಯಾಗಿ ಚಿಕ್ಕ ಕವರ್ ಸ್ಲಿಪ್ಪಿನಡಿ ಇಡುವುದು ಒಳ್ಳೆಯದು. ತಲೆಯ ಜೊತೆಗಿದ್ದರೆ ತಲೆಯ ದಪ್ಪದಿಂದಾಗಿ ಎಣ್ಣೆ ಮಸೂರ ಫೋಕಸ್ ಆಗುವಷ್ಟು ಹತ್ತಿರ ಬರುವುದಿಲ್ಲ. ಫೇಸ್ ಕಾಂಟ್ರಾಸ್ಟ್ ಸೌಲಭ್ಯವಿದ್ದರೆ ಬಳಸಿ. ಇಲ್ಲದಿದ್ದರೆ ಕಂಡೆನ್ಸರ್ ಕಿಂಡಿಯನ್ನು ಸ್ವಲ್ಪ ಕಿರಿದು ಮಾಡಿ. ಅಂಚು ಗಾಢವಾಗುತ್ತದೆ, ಸೂಕ್ಷ್ಮತೆ ತುಸು ಕಡಿಮೆಯಾಗುತ್ತದೆ. ಅಳತೆಯ ಮುನ್ನ ಪ್ರತಿ ಮಸೂರಕ್ಕೂ ಸ್ಟೇಜ್ ಮೈಕ್ರೋಮೀಟರಿನಿಂದ ಹೊಂದಾಣಿಕೆ ಮಾಡಿಕೊಳ್ಳಿ.

ಸ್ಲೈಡಿನ ಮಿತಿಯೂ ತಿಳಿದಿರಲಿ. ಕ್ಷಾರ ನರಕೋಶಗಳನ್ನು ಕರಗಿಸುತ್ತದೆ. ಆದ್ದರಿಂದ ಕುಡಿಮೀಸೆಯ ಅಲುಗಾಟವನ್ನು ಗ್ರಹಿಸುವ, ಎರಡನೆಯ ಖಂಡದೊಳಗಿನ ಜಾನ್‌ಸ್ಟನ್ ಅಂಗದಂಥ ಒಳಗಿನ ರಚನೆ ಈ ದಾರಿಯಲ್ಲಿ ಸಿಗದು.

ರಂಧ್ರದ ಸುಳಿವಿಗೆ ಬಣ್ಣದ ಪರೀಕ್ಷೆ

ಸ್ಲೈಡಿಗೂ ಎಸ್‌ಇಎಂಗೂ ನಡುವೆ ಒಂದು ಅಗ್ಗದ ಹಂತವಿದೆ, ಅದನ್ನು ಬಳಸುವವರು ಕಡಿಮೆ. ರಂಧ್ರ ಕಣ್ಣಿಗೆ ಕಾಣದಿದ್ದರೂ ಅದರ ಮೂಲಕ ಒಳನುಗ್ಗಿದ ಬಣ್ಣ ಕಾಣುತ್ತದೆ. 0.5 ಶೇಕಡಾ ಕ್ರಿಸ್ಟಲ್ ವಯಲೆಟ್ ದ್ರಾವಣದಲ್ಲಿ ತಾಜಾ ಕುಡಿಮೀಸೆಯನ್ನಿಟ್ಟರೆ ರುಚಿ ಅಂಗಗಳ ತುದಿ ನೀಲಿಯಾಗುತ್ತದೆ. ಬೆಳ್ಳಿಯ ವಿಧಾನದಲ್ಲಿ 17 ಗ್ರಾಂ ಸಿಲ್ವರ್ ನೈಟ್ರೇಟನ್ನು 70 ಶೇಕಡಾ ಎಥನಾಲಿನಲ್ಲಿ 100 ಮಿ.ಲೀ. ಮಾಡಿ, 60 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ರಂಧ್ರವಿರುವ ಅಂಗಗಳು ಕಂದುಗಪ್ಪಾಗುತ್ತವೆ.

ಎರಡು ಕಡೆ ಮೋಸವಾಗುತ್ತದೆ. ಒಂದು, ಕೂದಲು ಮುರಿದ ಜಾಗದಲ್ಲೂ ಬಣ್ಣ ಹೋಗುತ್ತದೆ. ಆದ್ದರಿಂದ ಒಂದೇ ಜಾಗದ ಅಂಗ ನಾಲ್ಕಾರು ಮರಿಗಳಲ್ಲಿ ಬಣ್ಣ ಹಿಡಿದರೆ ಮಾತ್ರ ನಂಬಿ. ಎರಡು, ಕೊಳದ ನೀರಿನಲ್ಲೋ ನಲ್ಲಿ ನೀರಿನಲ್ಲೋ ಇರುವ ಕ್ಲೋರೈಡ್ ಬೆಳ್ಳಿಯ ಜೊತೆ ಸೇರಿ ಬಿಳಿ ಗಷ್ಟು ಕೂರುತ್ತದೆ, ಅದೂ ಬೆಳಕಿಗೆ ಕಪ್ಪಾಗುತ್ತದೆ. ಮೊದಲು ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ಬಾರಿ ತೊಳೆಯಿರಿ, ಕಂದು ಬಾಟಲಿ ಬಳಸಿ, ಕೈಗವಸು ಹಾಕಿಕೊಳ್ಳಿ.

ಎಸ್‌ಇಎಂ: ಯಂತ್ರಕ್ಕಿಂತ ತಯಾರಿ ಮುಖ್ಯ

ಮೇಲ್ಮೈಯ ಆಕಾರ, ಗುಳಿಗಳು, ತುದಿಯ ರಂಧ್ರ, ಇವಕ್ಕೆ ಎಸ್‌ಇಎಂ. ಚಿತ್ರ ಕೆಡುವುದು ಹೆಚ್ಚಾಗಿ ಯಂತ್ರದಿಂದಲ್ಲ, ಕೊಳೆ ಮತ್ತು ಒಣಗಿಸುವಿಕೆಯಿಂದ. ನೀರಿನ ಮರಿಗಳ ಮೈಮೇಲೆ ಪಾಚಿ, ಬ್ಯಾಕ್ಟೀರಿಯಾದ ಲೋಳೆ, ತೊಟ್ಟುಳ್ಳ ವೋರ್ಟಿಸೆಲ್ಲಾದಂಥ ಏಕಕೋಶಿಗಳು ಅಂಟಿರುತ್ತವೆ. ಕೆಸರಲ್ಲಿ ಹುದುಗುವ ಮರಿಗಳಲ್ಲಿ ಇದು ವಿಪರೀತ. ಅತ್ಯುತ್ತಮ ಪರಿಹಾರ, ಮರಿಯನ್ನು ಶೋಧಿಸಿದ ನೀರಿನಲ್ಲಿ ಸಾಕಿ, ಪೊರೆ ಬಿಟ್ಟ ಕೆಲವು ಗಂಟೆಗಳಲ್ಲಿ, ಮೈ ಗಟ್ಟಿಯಾದ ಮೇಲೆ ತೆಗೆಯುವುದು. ಅದು ಸಾಧ್ಯವಿಲ್ಲದಿದ್ದರೆ 0.1 ಶೇಕಡಾ ಟ್ವೀನ್-20 ದ್ರಾವಣದಲ್ಲಿ ಅರ್ಧ ಗಂಟೆ ನೆನೆಸಿ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಐದರಿಂದ ಹತ್ತು ಸೆಕೆಂಡು ಇಟ್ಟು, ಸ್ಟೀರಿಯೊ ಸೂಕ್ಷ್ಮದರ್ಶಕದಡಿ ನೋಡಿ, ಬೇಕಿದ್ದರೆ ಮತ್ತೊಮ್ಮೆ. ಒಮ್ಮೆಗೇ ನಿಮಿಷಗಟ್ಟಲೆ ಇಟ್ಟರೆ ಉದ್ದ ರೋಮಗಳು ಉದುರುತ್ತವೆ, ಬರೀ ಕುಣಿಕೆಗಳ ಚಿತ್ರ ಸಿಗುತ್ತದೆ.

ಕಳಚಿದ ಪೊರೆಯೂ ಒಳ್ಳೆಯ ಮಾದರಿ ಎಂಬುದನ್ನು ಮರೆಯಬೇಡಿ. ಪೊರೆಯಲ್ಲಿ ಅಂಗಾಂಶವಿಲ್ಲ, ಕ್ಷಾರ ಬೇಡ, ಮರಿಯನ್ನು ಕೊಲ್ಲುವುದೂ ಬೇಡ. ಒಂದೇ ಮರಿಯ ಸಾಲು ಪೊರೆಗಳನ್ನು ಕೂಡಿಟ್ಟರೆ ಪ್ರತಿ ಹಂತದಲ್ಲಿ ಖಂಡಗಳೂ ಅಂಗಗಳೂ ಹೇಗೆ ಹೆಚ್ಚುತ್ತವೆ ಎಂಬ ದಾಖಲೆ ಸಿಗುತ್ತದೆ. ಮೇಫ್ಲೈಯಂಥವುಗಳಲ್ಲಿ ಇದು ಅಮೂಲ್ಯ.

ತೊಳೆದ ಮೇಲೆ 30, 50, 70, 80, 90, 95 ಶೇಕಡಾ ಎಥನಾಲಿನಲ್ಲಿ ಹತ್ತು ಹದಿನೈದು ನಿಮಿಷ, ಕೊನೆಗೆ ನೀರಿಲ್ಲದ ಎಥನಾಲಿನಲ್ಲಿ ಎರಡು ಬಾರಿ. ಆಮೇಲೆ ಒಣಗಿಸುವುದಕ್ಕೆ ಎರಡು ದಾರಿ. ಕ್ರಿಟಿಕಲ್ ಪಾಯಿಂಟ್ ಯಂತ್ರದಲ್ಲಿ ದ್ರವ ಇಂಗಾಲದ ಡೈಆಕ್ಸೈಡ್ 31 ಡಿಗ್ರಿ, 74 ಬಾರ್ ದಾಟಿ, ಮೇಲ್ಮೈ ಎಳೆತವಿಲ್ಲದೆ ಅನಿಲವಾಗುತ್ತದೆ. ತೆಳುಗೋಡೆ ಕುಸಿಯುವುದಿಲ್ಲ. ಎಚ್‌ಎಂಡಿಎಸ್ (ಹೆಕ್ಸಾಮೀಥೈಲ್‌ಡೈಸಿಲಜೇನ್) ದ್ರವಕ್ಕೆ ಯಂತ್ರ ಬೇಡ: ಎಥನಾಲ್ ಮತ್ತು ಎಚ್‌ಎಂಡಿಎಸ್ 2:1, 1:1, 1:2, ಕೊನೆಗೆ ಶುದ್ಧ ಎಚ್‌ಎಂಡಿಎಸ್, ನಂತರ ಫ್ಯೂಮ್ ಹುಡ್‌ನಲ್ಲಿ ರಾತ್ರಿಯಿಡೀ ಆರಲು ಬಿಡುವುದು. ಅದು ವಿಷಕಾರಿ, ಬೆಂಕಿಗೆ ಬೇಗ ಹತ್ತುತ್ತದೆ, ತೇವ ತಾಗಿದರೆ ಕೆಡುತ್ತದೆ. ಜೀರುಂಡೆ ಮರಿ, ಸೊಳ್ಳೆ ಮರಿಯ ದಂಡ, ಗಾಂಫಿಡೇಯಂಥ ಗಟ್ಟಿ ಹೊರಪದರಕ್ಕೆ ಎಚ್‌ಎಂಡಿಎಸ್ ಸಾಕು. ಮೇಫ್ಲೈ, ಲಾಟರ್‌ಬೋರ್ನ್ ಅಂಗ, ಸೊಳ್ಳೆ ಮರಿಯ ತುದಿಶಂಕು ಇವಕ್ಕೆ ಕ್ರಿಟಿಕಲ್ ಪಾಯಿಂಟ್ ಯಂತ್ರವನ್ನೇ ಹುಡುಕಿ. ಸುಕ್ಕುಗಟ್ಟಿದ ಗೂಟವನ್ನು ಹೊಸ ಬಗೆಯ ಅಂಗ ಎಂದು ಬರೆಯುವ ತಪ್ಪು ಇಲ್ಲಿಂದಲೇ ಹುಟ್ಟುವುದು.

ಲೇಪನದಲ್ಲೂ ಆಯ್ಕೆಯಿದೆ. ಹೆಚ್ಚಿನ ಕೇಂದ್ರಗಳಲ್ಲಿ 10ರಿಂದ 20 ನ್ಯಾನೋಮೀಟರ್ ಚಿನ್ನ ಹಾಕುತ್ತಾರೆ. ಆಕಾರಕ್ಕೆ ಅದು ಸರಿ. ಆದರೆ ಗೋಡೆಯ ರಂಧ್ರವೇ 10 ನ್ಯಾನೋಮೀಟರ್ ಇದ್ದಾಗ ಚಿನ್ನದ ಕಣ ಅದನ್ನು ಮುಚ್ಚಿಹಾಕುತ್ತದೆ. ರಂಧ್ರ ಬೇಕಿದ್ದರೆ 3ರಿಂದ 5 ನ್ಯಾನೋಮೀಟರ್ ಪ್ಲಾಟಿನಂ ಲೇಪನ ಮತ್ತು ಇನ್ನೂ ಸೂಕ್ಷ್ಮವಾಗಿ ತೋರಿಸುವ ಫೀಲ್ಡ್ ಎಮಿಶನ್ ಎಸ್‌ಇಎಂ ಎರಡನ್ನೂ ಮೊದಲೇ ಕೇಳಿ. ಟಂಗ್‌ಸ್ಟನ್ ತಂತಿಯ ಸಾಮಾನ್ಯ ಎಸ್‌ಇಎಂನಲ್ಲಿ ರಂಧ್ರ ಕಾಣಲಿಲ್ಲ ಎಂದರೆ ರಂಧ್ರ ಇಲ್ಲ ಎಂದರ್ಥವಲ್ಲ.

ಅಂಟುಪಟ್ಟಿಗೆ ತಾಗಿದ ಮಗ್ಗುಲು ಮತ್ತೆ ಕಾಣುವುದಿಲ್ಲ. ಮೇಲ್ಮಗ್ಗುಲು, ಕೆಳಮಗ್ಗುಲು, ತುದಿ ಮೇಲಾಗಿ ನೆಟ್ಟದ್ದು ಎಂದು ಒಂದೊಂದು ಬಗೆಗೂ ಕನಿಷ್ಠ ಮೂರು ಕುಡಿಮೀಸೆ ಇಟ್ಟುಕೊಳ್ಳಿ. ಯಂತ್ರ ಎಲ್ಲಿ ಸಿಗುತ್ತದೆ ಎಂಬುದಕ್ಕೆ 2020ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್ ನೋಡಿ. ದೇಶದ ಸಂಸ್ಥೆಗಳ ಉಪಕರಣಗಳು ಅಲ್ಲಿ ಪಟ್ಟಿಯಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಸೂಕ್ಷ್ಮದರ್ಶಕ ಕೇಂದ್ರವಿದೆ. ಶುಲ್ಕ ಗಂಟೆಯ ಲೆಕ್ಕವೋ ಮಾದರಿಯ ಲೆಕ್ಕವೋ, ಒಣಗಿಸುವಿಕೆ ಮತ್ತು ಲೇಪನ ಅದರಲ್ಲಿ ಸೇರಿದೆಯೋ ಎಂದು ಬರಹದಲ್ಲಿ ಕೇಳಿಕೊಳ್ಳಿ. ಗಂಟೆಯ ಲೆಕ್ಕವಾದರೆ ಯಾವ ಜಾಗದ ಚಿತ್ರ ಬೇಕೆಂದು ಸ್ಲೈಡಿನ ನಕ್ಷೆಯನ್ನು ಕೈಯಲ್ಲಿಟ್ಟುಕೊಂಡೇ ಹೋಗಬೇಕು.

ಕಾನ್‌ಫೋಕಲ್ ಮತ್ತು ಟಿಇಎಂ

ಕಾನ್‌ಫೋಕಲ್ ಎಂದರೆ ಲೇಸರ್ ಬೆಳಕಿನಿಂದ ಪದರ ಪದರವಾಗಿ ನೋಡುವ ಸೂಕ್ಷ್ಮದರ್ಶಕ. ಲೇಸರ್ ಬಿದ್ದಾಗ ಕೀಟದ ಹೊರಪದರ ತಾನಾಗಿಯೇ ಹೊಳೆಯುತ್ತದೆ. 405 ನ್ಯಾನೋಮೀಟರ್ ಲೇಸರಿಗೆ ರಬ್ಬರಿನ ಗುಣದ ರೆಸಿಲಿನ್ ನೀಲಿಯಾಗಿ, ಉದ್ದ ತರಂಗದ ಲೇಸರುಗಳಿಗೆ ಗಟ್ಟಿ ಭಾಗ ಕೆಂಪಾಗಿ ಕಾಣುವುದರಿಂದ, ಬಣ್ಣ ಹಾಕದೆ ಗ್ಲಿಸರಿನ್ನಿನಲ್ಲೇ ಇಟ್ಟು ಕುಣಿಕೆಗಳನ್ನು ಮೂರು ಆಯಾಮದಲ್ಲಿ ನೋಡಬಹುದು. ಮಾದರಿ ಹಾಳಾಗುವುದಿಲ್ಲ. ಆದರೆ ಸೂಕ್ಷ್ಮತೆ ಬೆಳಕಿನ ಮಿತಿಯೊಳಗೇ, ರಂಧ್ರ ಇದಕ್ಕೂ ಸಿಗದು.

ಟಿಇಎಂ 60ರಿಂದ 80 ನ್ಯಾನೋಮೀಟರ್ ದಪ್ಪದ ಹೋಳುಗಳ ಕೆಲಸ. ನರಕೋಶಗಳ ಸಂಖ್ಯೆ, ಸ್ಪರ್ಶಾಂಗದ ಬುಡದಲ್ಲಿನ ಕೊಳವೆ ಕಟ್ಟು ಇದರಲ್ಲಿ ಮಾತ್ರ ಖಚಿತ. ಜೀವಂತ ಮರಿಯನ್ನು ನೇರವಾಗಿ ತಣ್ಣನೆಯ 2.5 ಶೇಕಡಾ ಗ್ಲುಟರಾಲ್ಡಿಹೈಡಿಗೆ ಹಾಕಬೇಕು. ಆಲ್ಕೋಹಾಲಿನಲ್ಲಿದ್ದ ಮಾದರಿಗೆ ಇಲ್ಲಿ ಬೆಲೆಯಿಲ್ಲ. ಹೊರಪದರದೊಳಕ್ಕೆ ರಾಳ ಸುಲಭವಾಗಿ ಇಳಿಯದ ಕಾರಣ ತುದಿ ಕತ್ತರಿಸಿಡಬೇಕು, ತೆಳು ರಾಳ ಆರಿಸಬೇಕು. ಕಲಿತ ಕೈಯಿಲ್ಲದೆ ಆರು ತಿಂಗಳ ಪ್ರಾಜೆಕ್ಟಿನಲ್ಲಿ ಇದನ್ನು ಮುಗಿಸಲಾಗದು.

ಯಾರಿಗೆ ಯಾವುದು

ಕೆರೆ, ಹೊಳೆಯ ನೀರಿನ ಗುಣಮಟ್ಟಕ್ಕಾಗಿ ಮರಿಗಳನ್ನು ಗುರುತಿಸುವವರಿಗೆ ಸ್ಲೈಡು ಪೂರ್ತಿ ಸಾಕು, ಬೇರೆ ಯಾವುದಕ್ಕೂ ಖರ್ಚು ಮಾಡಬೇಡಿ. ಆರು ತಿಂಗಳ ಎಂಎಸ್ಸಿ ಪ್ರಾಜೆಕ್ಟಿಗೆ ಒಂದು ಪ್ರಭೇದ, ಕೊನೆಯ ಹಂತದ ಮರಿಗಳು, ಗ್ಲಿಸರಿನ್ ಸ್ಲೈಡಿನಲ್ಲಿ ಎಣಿಕೆ, ಜೊತೆಗೆ ಬೆಳ್ಳಿಯ ಪರೀಕ್ಷೆ. ಹಣ ಉಳಿದರೆ ಒಂದೇ ದಿನದ ಎಸ್‌ಇಎಂ. ಯಾವ ಅಂಗ ವಾಸನೆಗೆ, ಯಾವುದು ರುಚಿಗೆ ಎಂದು ಬರೆಯುವ ಪಿಎಚ್‌ಡಿಗೆ ಫೀಲ್ಡ್ ಎಮಿಶನ್ ಎಸ್‌ಇಎಂ ಮತ್ತು ಟಿಇಎಂ ಎರಡೂ ಬೇಕು. ಒಂದೇ ಇದ್ದರೆ ‘ಇರಬಹುದು’ ಎಂದಷ್ಟೇ ಬರೆಯಬೇಕಾಗುತ್ತದೆ. ಸಾಕಿದ ಸೊಳ್ಳೆ ಮರಿಗಳ ಮೇಲೆ ಕೆಲಸ ಮಾಡುವವರಿಗೆ ಮಾದರಿಯ ಕೊರತೆಯಿಲ್ಲ, ಎಲ್ಲ ವಿಧಾನಕ್ಕೂ ಬೇರೆ ಬೇರೆ ಮರಿಗಳನ್ನು ಕೊಡಬಹುದು.

ಪಶ್ಚಿಮ ಘಟ್ಟದ ಹೊಳೆಯಿಂದ ಅನುಮತಿ ಪಡೆದು ತಂದ ಒಂದೇ ಒಂದು ಮರಿ ಕೈಯಲ್ಲಿದ್ದರೆ ಲೆಕ್ಕಾಚಾರ ಬೇರೆ. ಹಿಂದಿರುಗಲಾಗದ ಹಂತವನ್ನು ಕೊನೆಗಿಡಬೇಕು. ಮೊದಲು ತಲೆಯನ್ನು ಹಾಗೇ ಗ್ಲಿಸರಿನ್ನಿನಲ್ಲಿಟ್ಟು ಎರಡೂ ಕುಡಿಮೀಸೆಗಳ ಫೋಟೊ ತೆಗೆಯಿರಿ, ಸಿಕ್ಕರೆ ಕಾನ್‌ಫೋಕಲ್‌ನಲ್ಲೂ ನೋಡಿ. ಆಮೇಲೆ ಎಡ ಕುಡಿಮೀಸೆಯನ್ನು ಕತ್ತರಿಸಿ ಯೂಪರಾಲ್ ಸ್ಲೈಡ್ ಮಾಡಿ. ಬಲದ್ದನ್ನು 70 ಶೇಕಡಾ ಎಥನಾಲಿನಲ್ಲಿ ಎರಡು ಮೂರು ಬಾರಿ ತೊಳೆದು ಗ್ಲಿಸರಿನ್ ಪೂರ್ತಿ ಹೋದ ಮೇಲೆ ಎಸ್‌ಇಎಂಗೆ ಕೊಡಿ. ಉಳಿದ ದೇಹ ಎಥನಾಲ್ ಸೀಸೆಯಲ್ಲಿರಲಿ. ಸ್ಲೈಡು, ಸ್ಟಬ್ಬು (ಎಸ್‌ಇಎಂನಲ್ಲಿ ಮಾದರಿ ಕೂರಿಸುವ ಲೋಹದ ಬಿಲ್ಲೆ), ಸೀಸೆ ಮೂರಕ್ಕೂ ಒಂದೇ ಮಾದರಿ ಸಂಖ್ಯೆ ಬರೆಯಿರಿ, ಸೀಸೆಯೊಳಗಿನ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗಿಹೋಗುತ್ತದೆ.